ಕೋಳಿಗಾಗಿಯೇ ಅರೆದ ಮಸಾಲೆ

“ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?” ಎಂಬ ಗಾದೆ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಬಲವುಳ್ಳವನು ಬಲವಿಲ್ಲದವನ ಸಮ್ಮತಿಯನ್ನು ಕೇಳುವುದಿಲ್ಲವೆಂಬ ಲೋಕರೂಢಿಯನ್ನು ಅದು ನಾಲ್ಕೇ ಮಾತುಗಳಲ್ಲಿ ಹೇಳಿಬಿಡುತ್ತದೆ. ಆದರೆ ಕಾಲದ ಮಹಿಮೆಯನ್ನು ನೋಡಿರಿ! ಇಂದು ಮಸಾಲೆಯನ್ನು ಕೋಳಿಯ ಸಲುವಾಗಿಯೇ ಅರೆಯುವ ದಿನ ಬಂದಿದೆ. ಓಮದ ಸತ್ತ್ವ, ಲವಂಗದ ಎಣ್ಣೆ, ದಾಲ್ಚಿನ್ನಿಯ ಎಣ್ಣೆ ಮೊದಲಾದವನ್ನು ಅದು ಬಾಣಲೆಗೆ ಬಿದ್ದ ಮೇಲಲ್ಲ, ಜೀವದಿಂದ ಓಡಾಡುತ್ತಿರುವಾಗಲೇ ಅದರ ಮೇವಿನಲ್ಲಿ ಬೆರೆಸುತ್ತಿದ್ದಾರೆ. ಅದು ಕುಡಿಯುವ ನೀರಿಗೆ ಹುಳಿಯನ್ನು ಹಿಂಡುತ್ತಿದ್ದಾರೆ. ಇದು ರುಚಿಗಾಗಿ ಮಾಡಿದ ಏರ್ಪಾಡಲ್ಲ. ಕೋಳಿಯ ಕರುಳನ್ನು ಕಾಯುವುದಕ್ಕಾಗಿ ಮಾಡಿದ ಏರ್ಪಾಡು.

ಹೋಟೆಲಿನ ಒಲೆಯ ಮುಂದೆ ನಿಂತು, ಇಲ್ಲವೇ ಕಚೇರಿಯ ಮೇಜಿನ ಮುಂದೆ ಕುಳಿತು ದುಡಿಯುವ ನಮಗೂ ಕೋಳಿಯ ಕರುಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಉಂಟು. ನಮ್ಮ ಮಕ್ಕಳಿಗೆ ಜ್ವರ ಬಂದಾಗ ವೈದ್ಯರು ಬರೆದುಕೊಡುವ ಮದ್ದು ಕೆಲಸ ಮಾಡುವುದೇ ಇಲ್ಲವೇ ಎಂಬ ಪ್ರಶ್ನೆಯ ಒಂದು ಎಳೆ ಆ ಕರುಳಿನವರೆಗೂ ಹೋಗುತ್ತದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಬೆಲ್ಲದ ಊರು, ಮೊಟ್ಟೆಯ ನಾಡು

ಅನಕಾಪಲ್ಲಿಯೆಂದೊಡನೆ ಎಲ್ಲರಿಗೂ ನೆನಪಾಗುವುದು ಬೆಲ್ಲ. ಶಾರದಾ ನದಿಯ ದಡದ ಈ ಊರಿನ ಬೆಲ್ಲದ ಮಂಡಿ ದೇಶದ ದೊಡ್ಡ ಮಂಡಿಗಳಲ್ಲೊಂದು. ಇಲ್ಲಿಯ ಕಬ್ಬಿನ ಸಂಶೋಧನಾ ಕೇಂದ್ರ 1913ರಷ್ಟು ಹಿಂದಿನದು. 2022ರ ಏಪ್ರಿಲ್ ತಿಂಗಳಲ್ಲಿ ವಿಶಾಖಪಟ್ಟಣ ಜಿಲ್ಲೆಯಿಂದ ಬೇರ್ಪಟ್ಟು ಅನಕಾಪಲ್ಲಿ ತಾನೇ ಒಂದು ಜಿಲ್ಲೆಯ ಕೇಂದ್ರವಾಯಿತು. ಆದರೆ ವಿಶಾಖಪಟ್ಟಣದಿಂದ ಅನಕಾಪಲ್ಲಿ, ತುನಿ, ರಾಜಮಹೇಂದ್ರಿ, ತಾಡೇಪಲ್ಲಿಗೂಡೆಂ, ಏಲೂರುಗಳನ್ನು ದಾಟಿ ವಿಜಯವಾಡವನ್ನು ಸೇರುವ ಈ ಸೀಮೆ ಬೆಲ್ಲಕ್ಕೂ ಬತ್ತಕ್ಕೂ ಹೇಗೋ ಹಾಗೆಯೇ ಮೊಟ್ಟೆಗೂ ಹೆಸರಾದದ್ದು. ಭಾರತದಲ್ಲಿ ಉತ್ಪನ್ನವಾಗುವ ಮೊಟ್ಟೆಗಳಲ್ಲಿ ಹೆಚ್ಚು ಕಡಿಮೆ ಐದರಲ್ಲೊಂದು ಆಂಧ್ರಪ್ರದೇಶದ್ದು. ಇಲ್ಲಿಂದ ಒಡಿಶಾ, ಬಂಗಾಳ, ಅಸ್ಸಾಂಗಳ ಕಡೆಗೆ ಮೊಟ್ಟೆ ಹೋಗುತ್ತದೆ. 1982ರಲ್ಲಿ ಸಾಕಣೆದಾರರು ಕಟ್ಟಿಕೊಂಡ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ದಿನವೂ ಪ್ರಕಟಿಸುವ ಧಾರಣೆಯ ಪಟ್ಟಿಯಲ್ಲಿ ವಿಶಾಖಪಟ್ಟಣ, ವಿಜಯವಾಡಗಳ ಹೆಸರು ನಮ್ಮ ಹೊಸಪೇಟೆ, ಬೆಂಗಳೂರು, ಮೈಸೂರುಗಳ ಹೆಸರಿನೊಡನೆಯೇ ಇರುತ್ತದೆ.

ಈ ವ್ಯಾಪಾರ ಕಾಸುಕಾಸಿನ ಲೆಕ್ಕದ್ದು. ಗುಮಾಸ್ತರಾದ ವಾಚಕರು ಇದನ್ನು ಸುಲಭವಾಗಿ ಕೂಡಿ ಕಳೆಯಬಲ್ಲರು. ಒಂದು ಮೊಟ್ಟೆಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವನ್ನು ತಿನ್ನುತ್ತದೆ. ಐವತ್ತು ಸಾವಿರ ಕೋಳಿಗಳಿರುವ ಫಾರಂ ಎಂದಿಟ್ಟುಕೊಂಡರೆ ದಿನವೊಂದಕ್ಕೆ ಐದೂವರೆ ಟನ್ ಮೇವು ಬೇಕು. ಒಟ್ಟು ಖರ್ಚಿನ ಮೂರರಲ್ಲಿ ಎರಡು ಪಾಲು ಮೇವಿಗೇ ಹೋಗುತ್ತದೆ. ತಿಂದ ಮೆಕ್ಕೆಜೋಳ, ಸೋಯಾ ಹಿಂಡಿ ಮೈಗೆ ಹತ್ತಿದರೆ ಲಾಭ. ಕರುಳು ಕೆಟ್ಟು ಹಿಕ್ಕೆಯಾಗಿ ಹೊರಬಿದ್ದರೆ ನಷ್ಟ. ಅಂದ ಮೇಲೆ ಸಾಕಣೆದಾರನ ಬದುಕು ನಿಂತಿರುವುದು ಕೋಳಿಯ ಕರುಳಿನ ಮೇಲೆಯೇ ಎಂದರೆ ಅತಿಶಯೋಕ್ತಿಯಾಗದು.

ಕರುಳೆಂಬ ರಣರಂಗ

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕೊರಳಿನ ಬುಡದ ಚೀಲದಲ್ಲಿ ತಂಗಿ ನೆನೆಯುತ್ತದೆ. ಅಲ್ಲಿಂದ ಜಠರಕ್ಕಿಳಿದು ಹುಳಿರಸದಲ್ಲಿ ಕಲಸಿಕೊಂಡು, ಬಲವಾದ ಮಾಂಸದ ಗೋಡೆಯುಳ್ಳ ಗಿಜರ್ಡಿನಲ್ಲಿ ಅರೆಯಲ್ಪಡುತ್ತದೆ. ನಮ್ಮ ಅಡಿಗೆಮನೆಯಲ್ಲಿ ರುಬ್ಬುಗುಂಡು ಮಾಡುವ ಕೆಲಸವನ್ನು ಅಲ್ಲಿ ಗಿಜರ್ಡು ಮಾಡುತ್ತದೆ. ಬಳಿಕ ಸಣ್ಣ ಕರುಳು. ಅದರ ಒಳಗೋಡೆಯ ಮೇಲೆ ಮಖಮಲ್ಲಿನ ಎಳೆಗಳಂತೆ ಸೂಕ್ಷ್ಮವಾದ ಬೆರಳುಗಳು ನಿಂತಿವೆ. ಆಹಾರದ ಸಾರವನ್ನು ಹೀರುವುದು ಅವುಗಳ ಕೆಲಸ. ಆ ಬೆರಳುಗಳು ಎತ್ತರವಾಗಿ, ಇಡಿಯಾಗಿ ಇದ್ದರೆ ಕೋಳಿ ಪುಷ್ಟವಾಗಿರುತ್ತದೆ. ಸವೆದು ಮೊಂಡಾದರೆ ಎಷ್ಟು ತಿಂದರೂ ಸೊರಗುತ್ತದೆ.

ಇದೇ ಕರುಳಿನಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ಬಿಡಾರ ಹೂಡಿರುತ್ತವೆ. ಮೊಸರು ಮಾಡುವ ಜಾತಿಯ ಸಾಧುಗಳೂ ಅಲ್ಲಿವೆ. ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ ಮುಂತಾದ ದುಷ್ಟರೂ ಅಲ್ಲಿವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದು ಆರೋಗ್ಯವಂತ ಕೋಳಿಯ ಕರುಳಿನಲ್ಲಿಯೂ ಅಲ್ಪಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ಕಾಕ್ಸಿಡಿಯಾ ಎಂಬ ಪರೋಪಜೀವಿ ಹೊಕ್ಕು ಕರುಳಿನ ಗೋಡೆಯನ್ನು ಗಾಯಗೊಳಿಸಿದಾಗ ಇದಕ್ಕೆ ಸುಗ್ಗಿ. ಒಮ್ಮೆಲೇ ಬೆಳೆದು ವಿಷವನ್ನು ಕಾರಿ ಗೋಡೆಯನ್ನೇ ಕೊಳೆಯಿಸುತ್ತದೆ. ಸಂಜೆ ಮೇವು ತಿಂದ ಕೋಳಿ ಮುಂಜಾನೆ ಸತ್ತು ಬಿದ್ದಿರುವುದುಂಟು. ಸಾಯದೆ ಉಳಿದ ಕೋಳಿ ತಿಂದದ್ದು ಮೈಗೆ ಹತ್ತದೆ ದಂಡವಾಗುತ್ತದೆ.

ಭೀಮಾವರದ ಮಗನೂ ಹೊನ್ನಿನ ಬಣ್ಣದ ಮದ್ದೂ

ಈ ದುಷ್ಟರನ್ನು ಅಡಗಿಸಲು ಕಳೆದ ಶತಮಾನದ ನಡುವಿನಲ್ಲಿ ಒಂದು ಸುಲಭೋಪಾಯ ದೊರಕಿತು. ಆ ಕಥೆಯ ಆರಂಭದಲ್ಲಿಯೇ ಈ ಸೀಮೆಯ ಹೆಸರು ಬರುತ್ತದೆ. ಪಶ್ಚಿಮ ಗೋದಾವರಿಯ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಎಂಬ ಬಡ ಮನೆಯ ಹುಡುಗ ಮದರಾಸಿನಲ್ಲಿ ವೈದ್ಯ ಕಲಿತು, ಅಮೇರಿಕೆಗೆ ಹೋಗಿ, ಲೆಡರ್ಲೆ ಪ್ರಯೋಗಾಲಯದ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಮಾತ್ರೆ ಅವರ ತಂಡದ ಕೊಡುಗೆ. ಅವರ ನೇತೃತ್ವದಲ್ಲಿಯೇ ಬೆಂಜಮಿನ್ ಡಗ್ಗರ್ ಎಂಬ ವೃದ್ಧ ವಿಜ್ಞಾನಿ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಹೊನ್ನಿನ ಬಣ್ಣದ ಪ್ರತಿಜೀವಕವೊಂದನ್ನು ಪಡೆದರು. ಅದೇ ಆರಿಯೋಮೈಸಿನ್. 1948ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾವ್ ಕಾಲವಾದರು.

ಅನಂತರ ಅದೇ ಪ್ರಯೋಗಾಲಯದ ಸ್ಟಾಕ್‌ಸ್ಟಾಡ್ ಮತ್ತು ಜೂಕ್ಸ್ ಎಂಬ ಇಬ್ಬರು ಕೋಳಿಮರಿಗಳಿಗೆ ಬೇಕಾದ ಒಂದು ಜೀವಸತ್ತ್ವವನ್ನು ಅರಸುತ್ತ, ಆ ಮದ್ದನ್ನು ತೆಗೆದ ಮೇಲೆ ಉಳಿದ ಚರಟವನ್ನು ಮರಿಗಳ ಮೇವಿಗೆ ಬೆರೆಸಿ ನೋಡಿದರು. ಮರಿಗಳು ನಿರೀಕ್ಷೆಗೂ ಮೀರಿ ಬೆಳೆದವು. ಜೀವಸತ್ತ್ವವಷ್ಟೇ ಅಲ್ಲ, ಚರಟದಲ್ಲಿ ಉಳಿದಿದ್ದ ಮದ್ದಿನ ಅಂಶವೂ ಅದಕ್ಕೆ ಕಾರಣವೆಂಬುದು 1950ರ ಹೊತ್ತಿಗೆ ತಿಳಿಯಿತು. ಅಂದಿನಿಂದ ರೋಗವಿಲ್ಲದ ಕೋಳಿಗೂ ದಿನದಿನವೂ ಚಿಟಿಕೆಯಷ್ಟು ಪ್ರತಿಜೀವಕವನ್ನು ಮೇವಿನೊಡನೆ ತಿನ್ನಿಸುವ ಪದ್ಧತಿ ಜಗತ್ತಿನಲ್ಲೆಲ್ಲ ಹಬ್ಬಿತು. ಮನುಷ್ಯನ ಪ್ರಾಣ ಉಳಿಸಲು ಹುಟ್ಟಿದ ಮದ್ದು ಕೋಳಿಯ ತೂಕ ಹೆಚ್ಚಿಸುವ ಸರಕಾಯಿತು. ಇದು ಸುಬ್ಬರಾವ್ ಅವರ ದೋಷವಲ್ಲ. ಅವರು ಅದನ್ನು ಕಾಣಲೂ ಇಲ್ಲ.

ಇದರಿಂದ ಬರುವ ಅಪಾಯವನ್ನು ಪೆನಿಸಿಲಿನ್ನಿನ ಜನಕನಾದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿಯೇ ಸೂಚಿಸಿದ್ದನು. ಕೊಲ್ಲುವಷ್ಟಲ್ಲದ ಅಲ್ಪ ಪ್ರಮಾಣದ ಮದ್ದಿಗೆ ಸಿಕ್ಕ ರೋಗಾಣು ಸಾಯುವುದಿಲ್ಲ, ಪಳಗುತ್ತದೆ. ಹಾಗೆ ಪಳಗಿದ ರೋಗಾಣು ಕೋಳಿಯ ಹಿಕ್ಕೆ, ನೀರು, ಮಣ್ಣು, ಮಾಂಸಗಳ ಮೂಲಕ ಮನುಷ್ಯನನ್ನು ಸೇರಬಲ್ಲದು. ಅಷ್ಟೇ ಅಲ್ಲ, ತಾನು ಕಲಿತ ವಿದ್ಯೆಯನ್ನು ನೆರೆಯ ಜಾತಿಯ ರೋಗಾಣುವಿಗೂ ಕಲಿಸಬಲ್ಲದು. ಬೇರಾವ ಮದ್ದೂ ನಾಟದಿದ್ದಾಗ ವೈದ್ಯರು ಕೊನೆಯದಾಗಿ ಕೈಹಾಕುವ ಕೊಲಿಸ್ಟಿನ್ ಎಂಬ ಔಷಧಕ್ಕೆ ಬಗ್ಗದಿರುವ ಇಂಥ ಗುಣ ಸೂಕ್ಷ್ಮಜೀವಿಯಿಂದ ಸೂಕ್ಷ್ಮಜೀವಿಗೆ ದಾಟುತ್ತಿರುವುದನ್ನು 2015ರಲ್ಲಿ ಚೀನದ ವಿಜ್ಞಾನಿಗಳು ಪ್ರಕಟಿಸಿದರು. ಭಾರತ ಸರ್ಕಾರವು 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಕೋಳಿಗಳಿಗೂ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಮದ್ದಿಗೆ ಬಗ್ಗದ ಸೋಂಕುಗಳೇ ನೇರ ಕಾರಣವಾಗಿ 2019ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ಹನ್ನೆರಡು ಲಕ್ಷ ಎಪ್ಪತ್ತು ಸಾವಿರ ಜನ ಸತ್ತರೆಂಬುದು ವೈದ್ಯವಿಜ್ಞಾನಿಗಳ ಅಂದಾಜು. ಇದಕ್ಕೆಲ್ಲ ಕೋಳಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಮನುಷ್ಯರು ತಾವೇ ಮದ್ದನ್ನು ಮನಸೋ ಇಚ್ಛೆ ನುಂಗುವುದು ದೊಡ್ಡ ಕಾರಣ. ಆದರೆ ಕೋಳಿಯ ಮೇವಿನ ಪಾಲೂ ಅದರಲ್ಲಿ ಉಂಟು.

ಸ್ವೀಡನ್ ದೇಶವು 1986ರಲ್ಲಿಯೇ ಬೆಳವಣಿಗೆಗಾಗಿ ಪ್ರತಿಜೀವಕ ತಿನ್ನಿಸುವುದನ್ನು ನಿಲ್ಲಿಸಿತು. ಯುರೋಪಿನ ಒಕ್ಕೂಟವು 2006ರ ಜನವರಿ 1ರಿಂದ ಅದನ್ನು ಸಂಪೂರ್ಣವಾಗಿ ನಿಷೇಧಿಸಿತು. ಹಾಗೆ ನಿಲ್ಲಿಸಿದಾಗ ಎದ್ದ ಪ್ರಶ್ನೆಯೇ ನಮ್ಮ ಲೇಖನದ ವಿಷಯ: ಮದ್ದನ್ನು ತೆಗೆದರೆ ಕೋಳಿಯ ಕರುಳನ್ನು ಕಾಯುವವರಾರು? ಅದಕ್ಕೆ ದೊರೆತ ಉತ್ತರಗಳಲ್ಲಿ ಎರಡು ನಮ್ಮ ಅಡಿಗೆಮನೆಗೆ ಚಿರಪರಿಚಿತವಾದವು: ಹುಳಿ ಮತ್ತು ಮಸಾಲೆ.

ಹುಳಿಯ ಮರ್ಮ

ಹುಳಿಯಲ್ಲಿ ಹಾಕಿಟ್ಟ ಪದಾರ್ಥ ಕೆಡುವುದಿಲ್ಲವೆಂಬುದನ್ನು ಹೋಟೆಲಿನ ಕೆಲಸಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಅಪ್ಪೆಮಿಡಿ, ನಿಂಬೆಯ ಉಪ್ಪಿನಕಾಯಿಗಳೇ ಅದಕ್ಕೆ ಸಾಕ್ಷಿ. ಇಲ್ಲಿಯವರ ಆವಕಾಯವೂ ಸಾಕ್ಷಿ. ಆ ಹುಳಿಗೆ ಕಾರಣವಾದ ವಸ್ತುಗಳನ್ನೇ ಸಾವಯವ ಆಮ್ಲಗಳೆನ್ನುತ್ತಾರೆ. ಮೊಸರಿನಲ್ಲಿಯೂ ದೋಸೆಯ ಹಿಟ್ಟಿನಲ್ಲಿಯೂ ಇರುವುದು ಲ್ಯಾಕ್ಟಿಕ್ ಆಮ್ಲ. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ವಿನೆಗರಿನಲ್ಲಿರುವುದು ಅಸಿಟಿಕ್ ಆಮ್ಲ. ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆಯ ಹುಳಿಗೆ ಕಾರಣ ಫಾರ್ಮಿಕ್ ಆಮ್ಲ. ಬೇಕರಿಯ ರೊಟ್ಟಿಗೆ ಬೂಷ್ಟು ಹಿಡಿಯದಂತೆ ಬೆರೆಸುವುದು ಪ್ರೊಪಿಯಾನಿಕ್ ಆಮ್ಲದ ಲವಣ. ಬೆಣ್ಣೆ ಹಳತಾಗಿ ಕಮಟು ಹೊಡೆದಾಗ ಮೂಗಿಗೆ ಬಡಿಯುವುದು ಬ್ಯುಟಿರಿಕ್ ಆಮ್ಲ. ಬೆಲ್ಲದ ನೀರು ಹುದುಗಿದರೂ ಕಡೆಗೆ ಆಗುವುದು ಹುಳಿಯೇ. ಹೊಸದಾಗಿ ಬಂದ ಮರಿಗಳಿಗೆ ದಾರಿಯ ಆಯಾಸ ಕಳೆಯಲು ಮೊದಲು ಬೆಲ್ಲದ ನೀರನ್ನು ಕುಡಿಸುವ ವಾಡಿಕೆಯೂ ನಮ್ಮ ದೇಶದಲ್ಲಿದೆ.

ಹುಳಿ ರೋಗಾಣುವನ್ನು ಹೇಗೆ ಸೋಲಿಸುತ್ತದೆ? ಆಮ್ಲದ ಕಣ ಒಡೆಯದೆ ಇಡಿಯಾಗಿರುವಾಗ ರೋಗಾಣುವಿನ ಹೊರಪೊರೆಯನ್ನು ದಾಟಿ ಒಳಹೊಗುತ್ತದೆ. ಒಳಗೆ ಹುಳಿಯಿಲ್ಲ, ಆದುದರಿಂದ ಅಲ್ಲಿ ಅದು ಒಡೆದು ತನ್ನ ಹುಳಿಯನ್ನು ಬಿಡುತ್ತದೆ. ರೋಗಾಣು ಆ ಹುಳಿಯನ್ನು ಹೊರದೂಡಲು ತನ್ನ ಶಕ್ತಿಯನ್ನೆಲ್ಲ ವ್ಯಯಮಾಡಬೇಕಾಗುತ್ತದೆ. ಮನೆಯೊಳಗೆ ನುಗ್ಗಿದ ಮಳೆನೀರನ್ನು ಮೊಗೆಮೊಗೆದು ಹೊರಚೆಲ್ಲುತ್ತಿರುವವನು ಒಲೆ ಹಚ್ಚುವುದೆಂದಿಗೆ, ಮಕ್ಕಳನ್ನು ಸಲಹುವುದೆಂದಿಗೆ? ಸಾಲ್ಮೊನೆಲ್ಲಾ ಮುಂತಾದವು ಹೀಗೆ ಸೋಲುತ್ತವೆ. ಮೊಸರಿನ ಜಾತಿಯವು ಹುಳಿಯಲ್ಲಿಯೇ ಹುಟ್ಟಿ ಬೆಳೆದವಾದುದರಿಂದ ಅವು ಅಷ್ಟಾಗಿ ಕಂಗೆಡುವುದಿಲ್ಲ.

ಆದರೆ ಇಲ್ಲಿ ಒಂದು ತೊಡಕು ಉಂಟು. ಹುಳಿಯನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ ಏಳು ಎಂದರೆ ಸಮ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಕೋಳಿಯ ಕೊರಳ ಚೀಲದಲ್ಲಿ ಈ ಅಂಕಿ ಐದರ ಆಸುಪಾಸು, ಗಿಜರ್ಡಿನಲ್ಲಿ ಮೂರರ ಆಸುಪಾಸು, ಸಣ್ಣ ಕರುಳಿನಲ್ಲಿ ಆರರಿಂದ ಏಳು. ಪ್ರೊಪಿಯಾನಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳ ಕಣಗಳು ಐದರ ಸಮೀಪದಲ್ಲಿ ಅರ್ಧದಷ್ಟು ಇಡಿಯಾಗಿರುತ್ತವೆ. ಆರಕ್ಕೆ ಬಂದರೆ ನೂರರಲ್ಲಿ ಆರು ಮಾತ್ರ. ಏಳಕ್ಕೆ ಬಂದರೆ ನೂರಕ್ಕೆ ಒಂದೂ ಇಲ್ಲ. ಎಂದರೆ ಬರಿಯ ಹುಳಿಯನ್ನು ಮೇವಿಗೆ ಬೆರೆಸಿದರೆ ಅದರ ಪ್ರತಾಪ ಕೊರಳು, ಗಿಜರ್ಡುಗಳಲ್ಲಿಯೇ ಮುಗಿದು, ಕಾಳಗ ನಡೆಯುವ ಕರುಳನ್ನು ಮುಟ್ಟುವಾಗ ಕತ್ತಿ ಮೊಂಡಾಗಿರುತ್ತದೆ. ಇದಕ್ಕಾಗಿಯೇ ಆಮ್ಲವನ್ನು ಕೊಬ್ಬಿನ ಹೊದಿಕೆಯೊಳಗೆ ಸುತ್ತಿ ಕೊಡುವ ವಿಧಾನ ಬಂದಿದೆ. ಕೊಬ್ಬು ಕರಗುವುದು ಕರುಳಿನಲ್ಲಿ. ಆಮ್ಲ ಬಿಡುಗಡೆಯಾಗುವುದೂ ಅಲ್ಲಿಯೇ. ಬ್ಯುಟಿರಿಕ್ ಆಮ್ಲಕ್ಕೆ ಮತ್ತೊಂದು ಗುಣವಿದೆ. ಕರುಳಿನ ಗೋಡೆಯ ಜೀವಕೋಶಗಳಿಗೆ ಅದೇ ಅಶನ. ಸವೆದ ಬೆರಳುಗಳು ಮತ್ತೆ ಬೆಳೆಯಲು ಅದು ನೆರವಾಗುತ್ತದೆ.

ಮಸಾಲೆಯ ಮರ್ಮ

ಹೊಟ್ಟೆಯುಬ್ಬರಿಸಿದ ಮಗುವಿಗೆ ಓಮದ ನೀರು, ಹಲ್ಲುನೋವಿಗೆ ಲವಂಗದ ಎಣ್ಣೆ, ಕೆಮ್ಮು ನೆಗಡಿಗೆ ದೊಡ್ಡಪತ್ರೆಯ ರಸ: ಇವು ನಮ್ಮ ಅಜ್ಜಿಯರ ಔಷಧಾಲಯ. ಇವುಗಳ ಪರಿಮಳಕ್ಕೆ ಕಾರಣವಾದ, ಬೇಗನೆ ಆವಿಯಾಗುವ ಎಣ್ಣೆಗಳೇ ಸುಗಂಧ ತೈಲಗಳು. ಓಮದಲ್ಲಿರುವುದು ಥೈಮಾಲ್. ಲವಂಗದಲ್ಲಿರುವುದು ಯೂಜಿನಾಲ್. ದಾಲ್ಚಿನ್ನಿಯಲ್ಲಿರುವುದು ಸಿನ್ನಮಾಲ್ಡಿಹೈಡ್. ಪಾಶ್ಚಾತ್ಯರು ಕೋಳಿಯ ಮೇವಿಗೆ ಹೆಚ್ಚಾಗಿ ಬಳಸುವ ಒರೆಗಾನೊ ಎಂಬ ಸೊಪ್ಪಿನ ಸತ್ತ್ವವಾದ ಕಾರ್ವಕ್ರಾಲ್ ನಮ್ಮ ತಂಬುಳಿಯ ದೊಡ್ಡಪತ್ರೆಯಲ್ಲಿಯೂ ಉಂಟು. ತೆಲುಗರು ಅದನ್ನೇ ವಾಮು ಆಕು ಎಂದು ಕರೆದು ಬಜ್ಜಿ ಕರಿಯುತ್ತಾರೆ.

ಈ ತೈಲಗಳು ರೋಗಾಣುವಿನ ಹೊರಪೊರೆಯೊಳಗೆ ಸೇರಿ ಅದನ್ನು ಸಡಿಲಿಸುತ್ತವೆ. ತೂತಾದ ಬುಟ್ಟಿಯಂತೆ ಅದರ ಒಳಗಿನ ಸತ್ತ್ವ ಸೋರಿಹೋಗುತ್ತದೆ. ಹೀಗೆ ಬಾಗಿಲು ತೆರೆದ ಮೇಲೆ ಆಮ್ಲ ಒಳಹೊಗುವುದು ಇನ್ನೂ ಸುಲಭ. ಒಂದು ಗೋಡೆಯನ್ನು ಕೆಡವುತ್ತದೆ, ಇನ್ನೊಂದು ಒಳನುಗ್ಗುತ್ತದೆ. ಎರಡನ್ನೂ ಕೂಡಿಸಿ ಕೊಡುವುದರ ಹಿಂದಿನ ತರ್ಕ ಇದೇ. ಜೊತೆಗೂಡಿದಾಗ ಒಂದೊಂದರ ಪ್ರಮಾಣವನ್ನೂ ಕಡಿಮೆ ಮಾಡಬಹುದು. ಪ್ರಮಾಣದ ಮಾತು ಮುಖ್ಯ: ಒಂದು ಟನ್ ಮೇವಿಗೆ ಆಮ್ಲವಾದರೆ ಸಾಮಾನ್ಯವಾಗಿ ಕಿಲೋಗಳ ಲೆಕ್ಕ, ತೈಲವಾದರೆ ಗ್ರಾಂಗಳ ಲೆಕ್ಕ. ಎಣ್ಣೆ ಮಿತಿಮೀರಿದರೆ ಅದರ ಘಾಟಿಗೆ ಕೋಳಿ ಮೇವನ್ನೇ ಮುಟ್ಟದು. ಕಾದ ಯಂತ್ರದಲ್ಲಿ ಮೇವನ್ನು ಗುಳಿಗೆ ಮಾಡುವಾಗ ಬರಿಯ ಎಣ್ಣೆ ಆವಿಯಾಗಿ ಹಾರಿಹೋಗುತ್ತದೆ. ಒಗ್ಗರಣೆಯ ಪರಿಮಳ ಬೀದಿಗೆ ಹೋಗಿ ಸಾರಿನಲ್ಲಿ ಏನೂ ಉಳಿಯದಂತೆ. ಆದುದರಿಂದ ಇದಕ್ಕೂ ಹೊದಿಕೆ ಬೇಕು.

ಆಗುವುದೆಷ್ಟು, ಆಗದಿರುವುದೆಷ್ಟು

ಇಲ್ಲಿ ನಾವು ವಾಚಕರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ನಮ್ಮವರಲ್ಲಿ ಅನೇಕರು ಇಲ್ಲಿ ದುಡಿದು ಉಳಿಸಿದ ಹಣವನ್ನು ಊರಿಗೆ ಕಳಿಸಿ, ಅಣ್ಣನಿಂದಲೋ ಭಾವಮೈದುನನಿಂದಲೋ ಒಂದು ಕೋಳಿ ಸಾಕಣೆ ಮಾಡಿಸಬೇಕೆಂಬ ಆಸೆಯುಳ್ಳವರು. ಅಂಥವರ ಬಳಿಗೆ ಡಬ್ಬಿಗಳನ್ನು ಹೊತ್ತ ಮಾರಾಟಗಾರರು ಬಂದೇ ಬರುತ್ತಾರೆ. ಹುಳಿಯೂ ಮಸಾಲೆಯೂ ಕರುಳಿಗೆ ಆಸರೆಯೇ ಹೊರತು ಸಂಜೀವಿನಿಯಲ್ಲ. ಕೊಕ್ಕರೆ ರೋಗಕ್ಕೆ ಅವು ಮದ್ದಲ್ಲ. ಅದಕ್ಕೆ ಲಸಿಕೆಯೇ ಗತಿ. 2025ರ ಫೆಬ್ರವರಿಯಲ್ಲಿ ಗೋದಾವರಿ ಜಿಲ್ಲೆಗಳ ಫಾರಂಗಳನ್ನು ಬರಿದುಮಾಡಿದ ಹಕ್ಕಿಜ್ವರದ ಮುಂದೆ ಯಾವ ಎಣ್ಣೆಯೂ ನಿಲ್ಲದು. ಪ್ರಯೋಗಗಳ ಫಲವೂ ಎಲ್ಲ ಕಡೆ ಒಂದೇ ಬಗೆಯಲ್ಲ. ಕೊಳಕಾದ, ಇಕ್ಕಟ್ಟಾದ ಕಡೆ ಹೆಚ್ಚು ಫಲ ಕಾಣುತ್ತದೆ. ಮೊದಲೇ ಶುಚಿಯಾಗಿರುವ ಕಡೆ ಹೆಚ್ಚೇನೂ ಕಾಣುವುದಿಲ್ಲ.

ಈ ಕೊನೆಯ ಮಾತಿನಲ್ಲಿಯೇ ಇಡೀ ವಿಷಯದ ಸಾರ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಶುಚಿತ್ವವೇ ಮೊದಲ ಮದ್ದು. ಡೆನ್ಮಾರ್ಕಿನಲ್ಲಿ 1998ರಲ್ಲಿ ಸಾಕಣೆದಾರರು ತಾವಾಗಿಯೇ ಬೆಳವಣಿಗೆಯ ಪ್ರತಿಜೀವಕಗಳನ್ನು ಮಾಂಸದ ಕೋಳಿಗಳಿಗೆ ನಿಲ್ಲಿಸಿದರು. ಅವರ ಉದ್ಯಮ ಮುಳುಗಲಿಲ್ಲ. ಒಣಗಿದ ನೆಲಹಾಸು, ಒಳ್ಳೆಯ ಗಾಳಿ, ಬೂಷ್ಟಿಲ್ಲದ ಮೇವು, ಒಂದು ತಂಡ ಹೋಗಿ ಮತ್ತೊಂದು ಬರುವ ನಡುವೆ ತೊಳೆದು ಬಿಡುವು ಕೊಟ್ಟ ಕೊಠಡಿ: ಇವೆಲ್ಲ ಇದ್ದಲ್ಲಿ ಹುಳಿ ಮಸಾಲೆಗಳು ತಮ್ಮ ಪಾಲಿನ ಕೆಲಸವನ್ನು ಮಾಡುತ್ತವೆ. ಇವಿಲ್ಲದ ಕಡೆ ಡಬ್ಬಿಯ ಹಣ ಹೊಳೆಗೆ ಹಾಕಿದಂತೆ.

ನೀರಿನ ವಿಷಯದಲ್ಲಿ ಮೂರು ಮಾತು. ಕೊಳವೆಬಾವಿಯ ಗಡಸು ನೀರು ಆಮ್ಲವನ್ನು ತಾನೇ ನುಂಗಿಬಿಡುತ್ತದೆ. ಅಳೆದು ನೋಡದೆ ಅಂದಾಜಿನಿಂದ ಸುರಿಯಬಾರದು. ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನವೂ ಅದರ ಹಿಂದು ಮುಂದಿನ ದಿನವೂ ಆಮ್ಲವನ್ನಾಗಲಿ ಬ್ಲೀಚಿಂಗ್ ಪುಡಿಯನ್ನಾಗಲಿ ಬೆರೆಸಕೂಡದು. ಬೆರೆಸಿದರೆ ಲಸಿಕೆ ಸತ್ತುಹೋಗುತ್ತದೆ. ಮೂರನೆಯದು ಪ್ರಾಣದ ಮಾತು: ಗಟ್ಟಿ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಒಂದೇ ಪಾತ್ರೆಯಲ್ಲಿ ಕೂಡಿಸಬಾರದು. ವಿಷಗಾಳಿ ಎದ್ದು ಉಸಿರು ಕಟ್ಟುತ್ತದೆ. ಹೋಟೆಲಿನ ಪಾಯಿಖಾನೆಯನ್ನು ಆಸಿಡ್ಡಿನಿಂದ ತೊಳೆಯುವ ಹುಡುಗರಿಗೂ ಈ ಮಾತು ಹೊಂದುತ್ತದೆ. ಹಿರಿಯ ಕೆಲಸಗಾರರು ಅವರಿಗೆ ಇದನ್ನು ಮರೆಯದೆ ಹೇಳಬೇಕು.

ನಮ್ಮ ಅಡಿಗೆಮನೆಯ ಪಾಲು

ಕೋಳಿಯ ಕರುಳನ್ನು ಸಾಕಣೆದಾರನು ಎಷ್ಟೇ ಕಾಯ್ದರೂ ಕಡೆಯ ಕಾವಲುಗಾರ ಅಡಿಗೆಯವನೇ. ಕರುಳನ್ನು ಕೊಳೆಯಿಸುವುದೆಂದು ಮೇಲೆ ಹೇಳಿದ ಅದೇ ಕ್ಲಾಸ್ಟ್ರಿಡಿಯಂ, ದೊಡ್ಡ ಕೊಪ್ಪರಿಗೆಯಲ್ಲಿ ಮಾಂಸದ ಸಾರು ಮಾಡುವ ಹೋಟೆಲು, ಮೆಸ್ಸು, ಕ್ಯಾಂಟೀನುಗಳಿಗೂ ಹಳೆಯ ಶತ್ರು. ಅದರ ಬೀಜಗಳು ಕುದಿದರೂ ಸಾಯುವುದಿಲ್ಲ. ಮುಚ್ಚಿಟ್ಟ ಕೊಪ್ಪರಿಗೆ ರಾತ್ರಿಯೆಲ್ಲ ಉಗುರುಬೆಚ್ಚಗೆ ಉಳಿದರೆ ಅವು ಮೊಳೆತು ಕೋಟಿಯಾಗುತ್ತವೆ. ಮರುದಿನ ತಿಂದವರಿಗೆ ಹೊಟ್ಟೆಮುರಿತ, ಭೇದಿ. ಆದುದರಿಂದ ಬಡಿಸುವವರೆಗೆ ಸಾರು ಬಿಸಿಯಾಗಿಯೇ ಇರಲಿ, 60 ಡಿಗ್ರಿಗಿಂತ ಕೆಳಗೆ ಇಳಿಯದಿರಲಿ. ಉಳಿದದ್ದನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಬಗ್ಗಿಸಿ ಬೇಗನೆ ಆರಿಸಿ ತಂಪುಪೆಟ್ಟಿಗೆಯಲ್ಲಿಡಬೇಕು. ಮತ್ತೆ ಬಡಿಸುವಾಗ ಬರಿದೆ ಬೆಚ್ಚಗೆ ಮಾಡದೆ ಮರಳ ಕುದಿಸಬೇಕು.

ಮೊಟ್ಟೆಯ ವಿಷಯದಲ್ಲಿ ಹೇಳುವುದಾದರೆ, ಸಾಲ್ಮೊನೆಲ್ಲಾ ಚಿಪ್ಪಿನ ಮೇಲಣ ಹೊಲಸಿನಲ್ಲಿಯೂ ಇರಬಹುದು. ಅದರ ಒಂದು ಜಾತಿ ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಸೇರಿರಲೂ ಬಹುದು. ಅಂಥ ಕೋಳಿ ಹೊರನೋಟಕ್ಕೆ ಆರೋಗ್ಯವಾಗಿಯೇ ಕಾಣುತ್ತದೆ. ಒಡಕು ಮೊಟ್ಟೆಯನ್ನು ಅಗ್ಗವೆಂದು ಕೊಳ್ಳಬಾರದು. ಆಮ್ಲೆಟ್ಟಾಗಲಿ ಬೇಯಿಸಿದ ಮೊಟ್ಟೆಯಾಗಲಿ ಲೋಳೆಯೂ ಹಳದಿಯೂ ಗಟ್ಟಿಯಾಗುವಂತೆ ಬೇಯಲಿ. ಹಸಿ ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ನೀರಿನ ಹನಿಯೊಡನೆ ರೋಗಾಣು ಸುತ್ತಲಿನ ಪಾತ್ರೆಗಳಿಗೂ ಸಿಡಿಯುತ್ತದೆ. ಹಸಿ ಮಾಂಸ ಕೊಯ್ದ ಹಲಗೆಯ ಮೇಲೆಯೇ ಈರುಳ್ಳಿ, ಸೌತೆಕಾಯಿ ಹೆಚ್ಚುವುದು ಅಡಿಗೆಯವನಿಗೆ ಒಪ್ಪುವ ಕೆಲಸವಲ್ಲ. ಕೈ ತೊಳೆಯುವುದನ್ನಂತೂ ಹೇಳಲೇಬೇಕಾಗಿಲ್ಲ.

ಗುಮಾಸ್ತರೂ ಇತರರೂ ಮಾಡಬಹುದಾದ ಕೆಲಸ ಇನ್ನೊಂದಿದೆ. ನೆಗಡಿಯಾದೊಡನೆ ಔಷಧದಂಗಡಿಗೆ ಹೋಗಿ ತಾವೇ ಹೆಸರು ಹೇಳಿ ಎರಡು ಪ್ರತಿಜೀವಕದ ಮಾತ್ರೆಗಳನ್ನು ನುಂಗುವ ಅಭ್ಯಾಸವನ್ನು ಬಿಡಬೇಕು. ಕೋಳಿಗೆ ಚಿಟಿಕೆ ಚಿಟಿಕೆಯಾಗಿ ಮದ್ದು ತಿನ್ನಿಸಿದವರು ಮಾಡಿದ್ದನ್ನೇ ನಾವು ನಮ್ಮ ಮೈಗೆ ಮಾಡಿಕೊಂಡರೆ ಅವರನ್ನು ದೂರುವ ಅಧಿಕಾರ ನಮಗೆಲ್ಲಿಯದು?

ಕೇಳಬೇಕಾದ ಪ್ರಶ್ನೆ

ಮಾಂಸದ ಕೋಳಿಯ ಸಾಕಣೆ ಈಗ ಬಹುಮಟ್ಟಿಗೆ ಗುತ್ತಿಗೆಯ ಮೇಲೆ ನಡೆಯುತ್ತದೆ. ಕಂಪನಿ ಮರಿ ಕೊಡುತ್ತದೆ, ಮೇವಿನ ಚೀಲವನ್ನೂ ಕೊಡುತ್ತದೆ. ರೈತನು ಬೆಳೆಸಿಕೊಟ್ಟು ಕೂಲಿ ಪಡೆಯುತ್ತಾನೆ. ಚೀಲದಲ್ಲಿರುವುದು ಓಮದ ಸತ್ತ್ವವೋ ಪ್ರತಿಜೀವಕವೋ ಎಂಬುದು ಅನೇಕ ವೇಳೆ ಅವನಿಗೇ ತಿಳಿಯದು. ಕೋಳಿಯನ್ನಂತೂ ಯಾರೂ ಕೇಳಲಿಲ್ಲ, ಸಾಕುವವನನ್ನೂ ಕೇಳಲಿಲ್ಲ, ಅಡುವವನನ್ನೂ ಉಣ್ಣುವವನನ್ನೂ ಕೇಳಲಿಲ್ಲ. ಕೋಳಿಗೆ ಬಾಯಿಲ್ಲವೆನ್ನಬಹುದು, ನಮಗೆ ಬಾಯುಂಟಲ್ಲವೇ? ದಿನಕ್ಕೆ ಹತ್ತಾರು ಡಜನ್ ಮೊಟ್ಟೆ, ಹತ್ತಾರು ಕಿಲೋ ಮಾಂಸ ಕೊಳ್ಳುವ ಹೋಟೆಲಿನವನು ಸರಬರಾಜು ಮಾಡುವವನನ್ನು ಮೂರು ಪ್ರಶ್ನೆ ಕೇಳಬಹುದು: ಇದು ಯಾವ ಫಾರಂನದು? ಮೇವಿನಲ್ಲಿ ಪ್ರತಿಜೀವಕವಿದೆಯೇ? ರೋಗಕ್ಕೆ ಮದ್ದು ಕೊಟ್ಟಿದ್ದರೆ, ಕೊಟ್ಟ ಮೇಲೆ ಕಾಯಬೇಕಾದಷ್ಟು ದಿನ ಕಾಯ್ದು ಮಾರಿದಿರಾ? ಮೊದಲ ದಿನ ಅವನು ನಕ್ಕು ಸುಮ್ಮನಾದಾನು. ಹತ್ತು ಹೋಟೆಲುಗಳವರು ಹತ್ತು ದಿನ ಕೇಳಿದರೆ ಹನ್ನೊಂದನೆಯ ದಿನ ಉತ್ತರ ಹುಡುಕಿಕೊಂಡು ಬಂದಾನು.

ರೋಗ ಬಂದ ಕೋಳಿಗೆ ಪಶುವೈದ್ಯರು ಹೇಳಿದಂತೆ ಮದ್ದು ಕೊಡುವುದನ್ನು ಯಾರೂ ಬೇಡವೆನ್ನುವುದಿಲ್ಲ. ರೋಗವಿಲ್ಲದ್ದಕ್ಕೆ ಲಾಭದಾಸೆಯಿಂದ ತಿನ್ನಿಸುವುದು ಬೇಡ. ಆ ಜಾಗವನ್ನು ಶುಚಿತ್ವವೂ, ಅದರ ಬೆನ್ನಿಗೆ ಹುಳಿ ಮಸಾಲೆಗಳೂ ತುಂಬಲಿ. ಭೀಮಾವರದ ಆ ಮಹನೀಯರ ಪ್ರಯೋಗಾಲಯದಿಂದ ಹೊರಟ ಮದ್ದೂ ಅದರ ಬಂಧುಗಳಾದ ಇತರ ಮದ್ದುಗಳೂ ಮನುಷ್ಯನ ಪ್ರಾಣ ಕಾಯಲೆಂದು ಬಂದವು. ನಮ್ಮ ಮಕ್ಕಳು ಹಾಸಿಗೆ ಹಿಡಿದ ದಿನ ಅವು ಹರಿತವಾಗಿಯೇ ಉಳಿದಿರಬೇಕಾದರೆ ಇಂದು ಅವನ್ನು ಮಿತವಾಗಿ ಬಳಸಬೇಕು.